ನೆಲದ ಕಡೆಯಿಂದ

ಅಡುಗೆಮನೆಯ ಮೇಜಿನ ತುಂಬ ನಕ್ಷೆ.
ಸುರುಳಿ ಸುತ್ತುವ ಒಂದು ಮೂಲೆಗೆ ಉಪ್ಪಿನ ಕುಡಿಕೆ,
ಇನ್ನೊಂದಕ್ಕೆ ನಾದಿನಿ ಮರ್ಟಲಳ ಮೊಣಕೈ.
ಮೇನ್ ರಾಜ್ಯದ ಕಡಲಂಚು
ಹಳೆ ಸ್ವೆಟರಿನ ತೋಳು ಬಿಚ್ಚಿಕೊಂಡಂತೆ
ಎಳೆ ಎಳೆಯಾಗಿ ನೀರಿಗಿಳಿದಿದೆ.

“ಹತ್ತು ದಿನ,” ಅನ್ನುತ್ತಾಳೆ ಮರ್ಟಲ್,
“ಕಿಟರಿಯಲ್ಲಿ ಶುರು, ಈಸ್ಟ್‌ಪೋರ್ಟಿನಲ್ಲಿ ಮುಗಿತಾಯ.
ನಡುವೆ ಒಂದು ದೀಪಸ್ತಂಭವನ್ನೂ ಬಿಡಕೂಡದು.”
ಪೆನ್ಸಿಲ್ ನೆಕ್ಕಿ ನೆಕ್ಕಿ ಸೊನ್ನೆ ಸುತ್ತುತ್ತಾಳೆ.
ಅವಳ ಅಣ್ಣನಿಗೂ ಇದೇ ಚಾಳಿ ಇತ್ತು.

ಮೂವತ್ತೆಂಟು ವರ್ಷ
ಆಲ್ಡನ್‌ನ ದೋಣಿಯ ಹಿಂತುದಿಯಲ್ಲಿ ನಿಂತು
ಲಾಬ್‌ಸ್ಟರ್ ಬೋನಿಗೆ ಕೊಳೆತ ಹೆರಿಂಗ್ ತುರುಕಿದವಳು ನಾನು.
ಈ ದಡವನ್ನು ಕಂಡದ್ದೆಲ್ಲ ನೀರ ಕಡೆಯಿಂದಲೇ.
ಊರೂರಿನ ಹಿತ್ತಿಲು ನನಗೆ ಬಾಯಿಪಾಠ:
ಒಣಹಾಕಿದ ಒಳಉಡುಪು, ತುಕ್ಕಿನ ಗ್ಯಾಸ್ ಸಿಲಿಂಡರ್,
ಮಗುಚಿಟ್ಟ ದೋಣಿಯಡಿ ಮರಿ ಹಾಕಿದ ಬೆಕ್ಕು.
ಮುಂಬಾಗಿಲು ಮಾತ್ರ ಒಂದೂ ಕಂಡವಳಲ್ಲ.

ದೀಪಗಳನ್ನು ಹೆಸರು ಹಿಡಿದು ಕರೆದವರೂ ಅಲ್ಲ ನಾವು,
ಎಣಿಸಿದವರು.
ಎರಡು ಮಿಂಚು, ಒಂದು ಉಸಿರು: ಬಂಡೆ ಎಡಕ್ಕೆ.
ಆರರವರೆಗೆ ಕತ್ತಲು, ಆಮೇಲೆ ಕೆಂಪು: ಇನ್ನೂ ಹೊರಗಿರು.
ಆಹಾ ಎಂದವರಿಲ್ಲ ನಮ್ಮ ದೋಣಿಯಲ್ಲಿ.
ದೀಪ ಕಂಡಾಗ ಆಲ್ಡನ್ ಅನ್ನುತ್ತಿದ್ದದ್ದು ಒಂದೇ ಮಾತು:
“ದೂರ.”
ಈಗ ಅದೇ ದೀಪದ ಬುಡಕ್ಕೆ ಹೋಗಿ ನಿಲ್ಲಲು
ತಲೆಗೆ ಹತ್ತು ಡಾಲರಂತೆ, ಮುದುಕಿಯರಿಗೆ ಏಳು.

ಮೋಟೆಲಿನ ಹುಡುಗಿ ಫೋನಿನಲ್ಲಿ ಕೇಳುತ್ತಾಳೆ,
“ಸಮುದ್ರ ಕಾಣುವ ಕೋಣೆಯೇ ಮೇಡಂ? ನಲವತ್ತು ಹೆಚ್ಚಾಗುತ್ತೆ.”
“ಬೇಡಮ್ಮ. ರಸ್ತೆ ಕಾಣುವುದು ಕೊಡು.”
ಮರ್ಟಲ್ ನನ್ನನ್ನು ಸುಡುವಂತೆ ನೋಡುತ್ತಾಳೆ.

ಆಗಸ್ಟೋ ಸೆಪ್ಟೆಂಬರೋ ಎಂದು ಅರ್ಧ ಗಂಟೆ ಜಗಳ.
ಆಗಸ್ಟಿನಲ್ಲಿ ಬ್ಲೂಬೆರಿ ಬಯಲು ನೀಲಿಗಟ್ಟುತ್ತದೆ,
ಬಾಡಿಗೆಯೂ ಮೈಯುರಿಯುವಷ್ಟು.
ಸೆಪ್ಟೆಂಬರಿನಲ್ಲಿ ಅವಳ ಕಣ್ಣಿನ ಆಪರೇಷನ್.
“ಮಂಜು ಕವಿದರೆ?”
“ಕವಿಯುತ್ತದೆ. ನಾಲ್ಕನೆಯ ದಿನಕ್ಕೆ ಬರೆದುಕೋ.”
ಬರೆದುಕೊಳ್ಳುತ್ತಾಳೆ.

ಆಮೇಲೆ ನಾನು ಪೆನ್ಸಿಲ್ ಕಿತ್ತುಕೊಂಡು
ದೀಪವೂ ಇಲ್ಲದ, ಹೆಸರೂ ಇಲ್ಲದ ಒಂದು ಮೂತಿಯ ಮೇಲೆ
ಸೊನ್ನೆ ಸುತ್ತುತ್ತೇನೆ.
“ಅಲ್ಲೇನಿದೆ?”

ಅಲ್ಲೊಂದು ಸೀಳಿದ ಸ್ಪ್ರೂಸ್ ಮರ.
ಅದರಾಚೆ ಮೂರನೆಯ ಮನೆ, ಕಲ್ಲಿನ ಮೆಟ್ಟಿಲು.
ಬೆಳಗ್ಗೆ ಆರಕ್ಕೆ ಸರಿಯಾಗಿ ಒಬ್ಬಳು ಹೊರಬಂದು
ಪಾತ್ರೆ ಒರೆಸುವ ಬಟ್ಟೆ ಬೀಸುತ್ತಿದ್ದಳು.
ನಮಗೇ ಬೀಸಿದಳೋ, ಬರಿದೇ ನೀರು ಕೊಡವಿದಳೋ,
ಇಬ್ಬರಿಗೂ ತಿಳಿಯದು.
ಆಲ್ಡನ್ ಹಾರನ್ ಒಮ್ಮೆ ಒತ್ತುತ್ತಿದ್ದ.
ಅಷ್ಟೇ ಪರಿಚಯ. ಮೂವತ್ತೆಂಟು ವರ್ಷ.
ಅವಳ ಕೂದಲು ಬೆಳ್ಳಗಾದದ್ದು ಸಹ
ಅಷ್ಟು ದೂರಕ್ಕೂ ಗೊತ್ತಾಯಿತು.

ಅವನು ಸತ್ತದ್ದು ಬ್ಯಾಂಗರಿನ ಆಸ್ಪತ್ರೆಯಲ್ಲಿ,
ಕಿಟಕಿಗೆ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು.
ದೋಣಿ ಮಾರಿದೆ. ಕೊಂಡ ಹುಡುಗ ಹಸಿರು ಬಳಿದಿದ್ದಾನೆ,
ಬೇರೆ ದಿಕ್ಕಿಗೆ ಹೋಗುತ್ತಾನೆ.
ಅವಳಿಗೆ ಯಾರು ಹೇಳಿದರು?

ಮರ್ಟಲ್ ಕನ್ನಡಕ ಹಣೆಗೇರಿಸಿ ಬಗ್ಗುತ್ತಾಳೆ.
“ಇಲ್ಲಿಗೆ ರಸ್ತೆಯೇ ಇಲ್ಲವಲ್ಲೇ.”
“ಮನೆ ಇದೆ ಅಂದಮೇಲೆ ರಸ್ತೆ ಇರಲೇಬೇಕು.”
“ಹೋಗಿ ಏನಂತ ಬಾಗಿಲು ತಟ್ಟುತ್ತೀ?”

ಅದನ್ನು ಯೋಚಿಸಿಲ್ಲ.
ಮೊದಲು ಅವರ ಮುಂಬಾಗಿಲು ಯಾವ ಬಣ್ಣವೋ ನೋಡಬೇಕು.

ಅವಳು ಏಳನೆಯ ದಿನದೆದುರಿನ ದೀಪಸ್ತಂಭ ಅಳಿಸುತ್ತಾಳೆ,
ರಬ್ಬರಿನ ಕಸವನ್ನು ಅಂಗೈಯಿಂದ ಸಮುದ್ರಕ್ಕೆ ತಳ್ಳುತ್ತಾಳೆ.
ಮೊಣಕೈ ಎತ್ತಿದ್ದೇ ತಡ, ನಕ್ಷೆ ಅರ್ಧ ಸುತ್ತಿಕೊಳ್ಳುತ್ತದೆ.
“ಕಾರಿನ ಆಯಿಲ್ ಬದಲಿಸಿದ್ದು ಯಾವಾಗ?” ಅನ್ನುತ್ತಾಳೆ.