ಬೆಳ್ಳಕ್ಕಿಯ ನೀಲಿ

ಶುಕ್ರವಾರ ಬಲಗಣ್ಣಿನ ಪೊರೆ ತೆಗೆದರು.
ಮರುದಿನ ಪಟ್ಟಿ ಬಿಚ್ಚಿದಾಗ
ದಾದಿಯ ಅಂಗಿ ಮುಖಕ್ಕೆ ಹೊಡೆಯಿತು,
ಅಷ್ಟು ಬಿಳಿ.
ನಮ್ಮ ಹುವೆ ಪಟ್ಟಣದಲ್ಲಿ ಇಂಥ ಬಿಳಿಯೊಂದು ಇತ್ತೆಂದು
ಎಪ್ಪತ್ತೊಂದನೆಯ ವಯಸ್ಸಿಗೆ ಗೊತ್ತಾಯಿತು.

ನಾನು ಬಣ್ಣದ ಹುಚ್ಚಿನವಳು.
ಏಳು ವರ್ಷಕ್ಕೇ ಅಮ್ಮನ ರೇಷ್ಮೆನೂಲಿನ ಪೆಟ್ಟಿಗೆಗೆ
ಮೂಗು ತೂರಿಸಿ ಬೈಸಿಕೊಂಡವಳು.
ಹನ್ನೊಂದು ಕೆಂಪು ಇದ್ದವು ಅದರಲ್ಲಿ:
ಕೋಳಿಜುಟ್ಟಿನದು, ಹಳೆ ಇಟ್ಟಿಗೆಯದು,
ಕಚ್ಚಿದ ತುಟಿಯದು, ಉಳಿದವಕ್ಕೆ ಹೆಸರಿರಲಿಲ್ಲ.
ಕದ್ದು ಬಾಯಲ್ಲಿಟ್ಟೂ ನೋಡಿದ್ದೇನೆ.
ಕೆಂಪಿಗೆ ರುಚಿಯಿಲ್ಲ. ಹಳದಿ ತುಸು ಒಗರು.

ನಮ್ಮ ಮಾತಿನಲ್ಲಿ ಎಲೆಗೂ ಬಾನಿಗೂ ಒಂದೇ ಪದ, ಸಾನ್.
ಎಲೆಯ ಸಾನ್, ಬಾನಿನ ಸಾನ್ ಎಂದು ಬಿಡಿಸಿ ಹೇಳಬೇಕು.
ಪರದೇಶದ ಗಿರಾಕಿಗಳು ನಗುತ್ತಾರೆ,
ನಿಮಗೆ ಎರಡೂ ಒಂದೇ ಥರ ಕಾಣುತ್ತದೆಯೇ?
ನನ್ನ ಪೆಟ್ಟಿಗೆಯಲ್ಲಿ ಅರವತ್ತು ಸಾನ್ ಇವೆ, ತಾಯಿ,
ಒಂದೇ ಮನೆತನದ ಅರವತ್ತು ಮಕ್ಕಳು.
ಕತ್ತಲಲ್ಲಿ ಕೂಗಿದರೂ ಬೇಕಾದವಳೇ ಬರುತ್ತಾಳೆ.

ಇಂಥವಳ ಹಣೆಯಲ್ಲಿ ಬರೆದದ್ದು ಲುವಾನ್.
ಡೊಂಗ್ ಬಾ ಸಂತೆಯಲ್ಲಿ ಮೆಣಸಿನಕಾಯಿ ಮಾರುವವ,
ಕೆಂಪು ಯಾವುದು ಹಸಿರು ಯಾವುದು ತಿಳಿಯದವ!
ಮದುವೆಯಾಗಿ ನಾಲ್ಕು ತಿಂಗಳು ನನಗೆ ಪತ್ತೆಯೇ ಹತ್ತಲಿಲ್ಲ.
ಹಿಸುಕಿ, ತೊಟ್ಟು ಮೂಸಿ,
ಒಣಗಿದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಬುಟ್ಟಿಗೆ ಹಾಕುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.
ಗೊತ್ತಾದ ದಿನ ಅತ್ತೆ.
ನಿನಗೆ ಹೇಗೆ ಕಾಣುತ್ತದೋ, ಬಣ್ಣಿಸು, ಅಂದೆ.
"ನನ್ನನ್ನು ಹಿಡಿದು ಬಣ್ಣಿಸು ಅನ್ನುತ್ತೀಯಲ್ಲೇ!"
ನಕ್ಕು ನಕ್ಕು ಕೆಮ್ಮಿದ.

ಆದರೆ ಬೇಲಿಬಳ್ಳಿಯ ನಡುವೆ ಕೂತ ಹಸಿರು ಹಾವನ್ನು
ನನಗಿಂತ ಮೊದಲು ಕಂಡವ ಅವನೇ.
ನನ್ನ ಕಸೂತಿಯ ಚೌಕಟ್ಟಿನೆದುರು ನಿಂತು
"ಬಾತುಕೋಳಿ ಗಾಳಿಯಲ್ಲಿದೆ, ನೀರಿಗಿಳಿಸು" ಅನ್ನುತ್ತಿದ್ದ.
ಸಿಟ್ಟು ನೆತ್ತಿಗೇರುತ್ತಿತ್ತು.
ಎಲ್ಲರೂ ಮಲಗಿದ ಮೇಲೆ ದೀಪ ಹಿಡಿದು ನೋಡಿದರೆ, ಹೌದು,
ಹೊಟ್ಟೆಯಡಿಗೆ ನೆರಳಿಲ್ಲ.
ಬಣ್ಣದ ಮೋಹದಲ್ಲಿ ಭಾರ ಮರೆತಿದ್ದೆ.
ಬಿಚ್ಚಿ ಮತ್ತೆ ಹೊಲಿದೆ. ಅವನಿಗೆ ಹೇಳಲಿಲ್ಲ.

ಅವನು ಹೋದ ಮೇಲೆ ಹೊಲಿದದ್ದು ಈ ಬೆಳ್ಳಕ್ಕಿ.
ಯಾವ ಬಿಳಿ ನೂಲು ಎತ್ತಿಕೊಂಡರೂ ಮಾಸಲು.
ಅಂಗಡಿ ಅಂಗಡಿ ಅಲೆದು, ಕೊನೆಗೆ
ಇದೇ ಬಿಳಿ, ಇದೇ, ಎಂದು ಹಿಡಿದು ತಂದೆ.
ಎರಡು ತಿಂಗಳು ಗರಿ ಗರಿ ಹೊಲಿದೆ.
ಇವತ್ತು ಬಲಗಣ್ಣಲ್ಲಿ ನೋಡಿದರೆ
ನೀಲಿ!
ಕೊಕ್ಕಿನ ಬುಡದಿಂದ ಬಾಲದ ತನಕ
ನಾಚಿಕೆಯಿಲ್ಲದ ನೀಲಿ.

ಯಾರೂ ಹೇಳಲಿಲ್ಲವಲ್ಲೇ, ಅಂದರೆ ಮೊಮ್ಮಗಳು ತ್ರಾಮ್,
"ಬೇಕಂತಲೇ ಹಾಗೆ ಮಾಡಿದ್ದೀ ಅಂದುಕೊಂಡೆ, ಅಜ್ಜಿ,
ನಸುಕಿನ ಹಕ್ಕಿ ಅಂದುಕೊಂಡೆ."

ಬಲಗಣ್ಣು ಮುಚ್ಚಿದರೆ ಬಿಳಿ.
ಎಡಗಣ್ಣು ಮುಚ್ಚಿದರೆ ನೀಲಿ.
ಎರಡೂ ತೆರೆದರೆ
ಹಕ್ಕಿ ಇನ್ನೇನು ಹಾರುವಂತೆ ತುಸು ಅದುರುತ್ತದೆ.

ಎಡಗಣ್ಣಿಗೆ ಮುಂದಿನ ತಿಂಗಳ ದಿನ ಕೊಟ್ಟಿದ್ದರು.
ಮುಂದೂಡಿ, ಅಂದೆ.
ಡಾಕ್ಟರಿಗೆ ಕಾರಣ ಹೇಳಲಿಲ್ಲ:
ಆ ಕಣ್ಣೊಳಗೆ ಎಲ್ಲಕ್ಕೂ ಇನ್ನೂ ಚಹಾದ ಬಣ್ಣ,
ಅಲ್ಲಿ ಒಬ್ಬ ಕೂತು
ಒಣಮೆಣಸಿನಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾನೆ.

"ನಿಜವಾಗಿ ಯಾವ ಬಣ್ಣ ಅಜ್ಜಿ, ಇದು?"

ಸೂಜಿಗೆ ನೂಲು ಪೋಣಿಸು, ಅಂದೆ.
ಬೂದಿಯದು, ಆ ಮೂಲೆಯದು.
ಹೊಟ್ಟೆಯಡಿಗೆ ನೆರಳು ಮರೆತಿದ್ದೇನೆ.