ಕೈ ಎಲ್ಲಿ ಇಡಬೇಕು

ಹಾವೇರಿ ಸ್ಟೇಷನ್ ರಸ್ತೆ,
ಝೆರಾಕ್ಸ್ ಅಂಗಡಿ ಮ್ಯಾಲಿನ ಅಟ್ಟ.
ರಾಜೇಸಾಬ ಕಾಕಾ ಲ್ಯಾಪ್‌ಟಾಪು ಮುಟ್ಟೂದಿಲ್ಲ.
‘ಹಿಂದಿನಿಂದ ಬೆಳಕು ಬಿಟ್ರ ಎಲ್ಲಾರೂ ಚಂದನ ಕಾಣ್ತಾರ.
ಕಾಗದದ ಮ್ಯಾಲೆ ತಾ, ಆಮ್ಯಾಲೆ ಮಾತು.’

ಹದಿನಾಲ್ಕು ಪ್ರಿಂಟು ಒಯ್ದೆ.
ಬ್ಯಾಡಗಿಯ ಮೆಣಸಿನಕಾಯಿ ಕಣ,
ಕೆಂಪಿನ ನಡುವ ಮಾಲತೇಶ, ನೀಲವ್ವ.
ಲಗ್ನಕ್ಕ ಇನ್ನ ಇಪ್ಪತ್ತು ದಿನ.

ಮೊದಲ ಎಲ್ಲಾ ತಲಿಕೆಳಗ ಹರವಿದ.
ವಯಸ್ಸಾತು, ಗೊತ್ತಾಗಿಲ್ಲ ಅನಕೊಂಡೆ.
‘ಮಾರಿ ಕಂಡ್ರ ಕಣ್ಣು ಮೋಸ ಹೋಗ್ತಾವ.
ಮೊದಲ ಭಾರ ಎತ್ತಾಗ ಬಿದ್ದೈತಿ ನೋಡಬೇಕು’ ಅಂದು
ಬಡಗಿ ತೊಲಿ ನೋಡಿಧಂಗ ನೋಡಿದ.

ಮೂರನೇದ್ದು ಎತ್ತಿ, ‘ಈ ಕೈ ಯಾರ್ದು?’
‘ಮಾಲತೇಶಂದು.’
‘ಅಲ್ಲ. ಬಟ್ಟಿ ಅಂಗಡಿ ಗೊಂಬಿದು.’
ನಾನ ಹೇಳಿದ್ದೆ: ಎಡಗೈ ನಡಕ್ಕ, ಗದ್ದ ತುಸು ಕೆಳಗ,
ನೀಲವ್ವ, ನೀವು ಅವರ ಅಂಗಿ ಗುಂಡಿ ನೋಡ್ರಿ,
ನಗಬ್ಯಾಡ್ರಿ, ನಕ್ಕಂಗ ಇರ್ರಿ.
ಭೂತಗನ್ನಡಿ ಕೆಳಗ
ಅಂವನ ಬೆರಳಿಗೂ ಅಕಿ ಸೀರಿಗೂ ನಡುವ
ಒಂದು ಜೋಳದ ಕಾಳಿನಷ್ಟು ಗಾಳಿ.
ಮುಟ್ಟಿದ್ದಿಲ್ಲ. ಐದಕ್ಕ ಐದೂ ಬೆರಳು.

‘ಯಾಕ?’
‘ನಾಚಿಕಿ, ಕಾಕಾ.’
ಮಾರಿ ಸನಿಕದ್ದೊಂದು ಫೋಟೋ ಹುಡುಕಿ
ಭೂತಗನ್ನಡೀನ ನೀಲವ್ವನ ಕಣ್ಣಿಗೆ ತಂದ.
ಕರಿಗುಡ್ಡಿಯೊಳಗ ಬೆಳಕಿನ ಚುಕ್ಕಿ,
ಆ ಚುಕ್ಕಿಯೊಳಗ
ಬಿಳೇ ಥರ್ಮಾಕೋಲು ಹಿಡಕೊಂಡು ನಿಂತ ಒಬ್ಬ ಗಂಡಸು.
‘ಇಂವ?’
ಸೋದರಮಾವ. ಮುದಕಪ್ಪ.
ಬೆಳಕು ಹಿಡೀತೀನಂತ ತಾನ ಬಂದಿದ್ದ.
‘ಜೋಡಿ ಫೋಟೋ ಅಂದಿ,
ಇದರಾಗ ಮೂರು ಮಂದಿ ಅದಾರಲ್ಲೋ.’

ಆಮ್ಯಾಲೆ ಬಣ್ಣಕ್ಕ ಬಂದ.
ಎರಡು ರಾತ್ರಿ ಕುಂತು ಕೆಂಪು ಏರಿಸಿದ್ದೆ,
ನೆರಳು ಎತ್ತಿದ್ದೆ, ಮಾರಿ ನುಣ್ಣಗ ತಿಕ್ಕಿದ್ದೆ.
ನೆಗೆಟಿವ್ ಮ್ಯಾಲೆ ಸೀಸದಕಡ್ಡಿ ಆಡಿಸಿ
ಊರ ಮಂದಿಯ ಸಿಡುಬಿನ ಕಲೆ ಮುಚ್ಚಿದ ಮನಷ್ಯಾ,
ಇದಕ್ಕ ಬೈಯೂದಿಲ್ಲ ಅನಕೊಂಡಿದ್ದೆ.
‘ನಾನೂ ಸುಳ್ಳು ಹೇಳೀನಿ. ಆದ್ರ ಕಲೆಗೊಂದು ಸುಳ್ಳು.
ನೀ ಎಲ್ಲಾದಕ್ಕೂ ಒಂದ ಸುಳ್ಳು ಬಳದೀದಿ.
ಬ್ಯಾಡಗಿ ಕಾಯಿಗೆ ಮೈತುಂಬ ಸುಕ್ಕು,
ಬಣ್ಣ ಆ ಸುಕ್ಕಿನಾಗ ಕುಂತಿರತೈತಿ.
ಅದನ್ನ ಇಸ್ತ್ರಿ ಹೊಡದು ಗುಂಟೂರು ಮಾಡೀದಿ.
ಹುಡುಗೀನೂ ಹಂಗ.’
‘ಬೆಳ್ಳಗ ಮಾಡು ಅಂತ ಫೋನ್ ಬಂದಿತ್ತು, ಕಾಕಾ.’
‘ಯಾರ್ದು?’
‘ಆಗೂ ಅತ್ತಿದು.’
‘ಹಂಗಾದ್ರ ನಾಕು ಮಂದಿ.’

ಹದಿನಾಲ್ಕನೇದ್ದು ತಪ್ಪಿ ಬಂದಿತ್ತು.
ಕಣದಾಗ ಯಾರೋ ಚೀಲ ಝಾಡಿಸಿ ಘಾಟು ಎದ್ದು,
ನೀಲವ್ವ ಸೀನಾಕ ಬಾಯಿ ತಗದಾಳ,
ಮಾವ ಕೆಮ್ಮಿ ಥರ್ಮಾಕೋಲು ಬಿಟ್ಟಾನ,
ಅರ್ಧ ಮಾರಿ ಕತ್ತಲು,
ಫೋಕಸ್ಸು ಹಿಂದಿನ ತಕ್ಕಡಿ ಮ್ಯಾಲೆ.
ಮಾಲತೇಶನ ಕೈ ಅಕಿ ಬೆನ್ನ ಮ್ಯಾಲೆ.
ಪೂರಾ. ಅಂಗೈ ಸಮೇತ.

ಕಾಕಾ ಭಾಳ ಹೊತ್ತು ಮಾತಾಡ್ಲಿಲ್ಲ.

‘ಇದನ್ನ ದೊಡ್ಡದು ಮಾಡಿಸ್ಲೇನು?’ ನಾ ಹಿಗ್ಗಿ ಕೇಳಿದೆ.
‘ಹುಚ್ಚಾ, ಮೂಗು ಸುರಿಯೂದನ್ನ ಗ್ವಾಡಿಗೆ ಯಾರು ಹಾಕ್ತಾರ?
ಇದು ಅವರಿಗಲ್ಲ, ನಿನ್ನ ಪಾಠಕ್ಕ.
ಮತ್ತ ಕರಿ. ಮಾವನ್ನ ಚಾಕ್ಕ ಕಳಸು.
ಕೈ ಎಲ್ಲಿ ಇಡಬೇಕು ಅಂತ ಹೇಳಬ್ಯಾಡ,
ಇಬ್ಬರೂ ಕೂಡಿ ಒಂದು ಚೀಲ ಎತ್ರಿ ಅನ್ನು.
ಇಳಿಸಿದ ಮ್ಯಾಲೆ ಎಣಸು, ಮೂರಕ್ಕ ಒತ್ತು.’
ನಮಗೂ ಚಾ ಹೇಳಿದ. ರೊಕ್ಕ ನಾನ ಕೊಟ್ಟೆ.

ರಾತ್ರಿ ಕೆಂಪು ಇಳಿಸುತ್ತ ಕುಂತೆ.
ಸುಕ್ಕು ಒಂದೊಂದ ತಿರುಗಿ ಬಂದ್ವು,
ನೀಲವ್ವನ ಗದ್ದದ ಕೆಳಗಿನ ಹಳೇ ಹೊಲಿಗಿ ಗುರ್ತೂ.
ಆ ಜೋಳದ ಕಾಳಿನಷ್ಟು ಗಾಳಿಗೆ ಮಾತ್ರ
ಯಾ ಗುಂಡಿ ಒತ್ತಬೇಕೋ ತಿಳೀಲಿಲ್ಲ.

ಹನ್ನೊಂದಕ್ಕ ಫೋನಿನಾಗ ಅಕಿ ಅಕ್ಷರ:
‘ಅಣ್ಣಾರ, ನಾ ಸೀನಿದ್ದೊಂದು ಇತ್ತಲ್ಲ, ಅಳಿಸಿಬಿಡ್ರಿ.
ಯಾರಿಗೂ ತೋರಿಸಬ್ಯಾಡ್ರಿ.’

ತುಸು ಹೊತ್ತು ಬಿಟ್ಟು:
‘ಅಳಸೂಕಿಂತ ಮೊದಲ
ನನಗೊಂದು ಕಳಸ್ರಿ.’