ಸದ್ಯ

"ಸರ್ವರ್ ಡೌನ್," ಅಂದ ಕಿಟಕಿಯೊಳಗಿನ ಹುಡುಗ,
ತಲೆ ಎತ್ತದೆ. "ಮಂಗಳವಾರ ಬನ್ನಿ."

ರಾಜಾಜಿನಗರದ ಸಬ್ ರಿಜಿಸ್ಟ್ರಾರ್ ಆಫೀಸು,
ಹನ್ನೊಂದೂ ಮುಕ್ಕಾಲು.
ನನ್ನ ಕೈಯಲ್ಲಿ ಟೋಕನ್ ಹದಿನೇಳು, ಮೂರು ಸೆಟ್ ಫೋಟೋ,
ಫಿಲೋಮಿನಾಳ ಚೀಲದಲ್ಲಿ
ಒದ್ದೆ ಬಟ್ಟೆ ಸುತ್ತಿದ ಎರಡು ಹಾರ,
ಬಾಗಿಲ ಹತ್ತಿರ ಮುನಿಕೃಷ್ಣ,
ಡಿಪೋಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಅಂಗಿಯಲ್ಲಿ,
ಬೇರೆ ಯಾರದೋ ಮದುವೆಗೆ ಬಂದವರ ಹಾಗೆ.

ಛೆ, ಅಂದಿತು ಬಾಯಿ.
ಅಷ್ಟರೊಳಗೆ ಎದೆ ಅಂದಾಗಿತ್ತು: ಸದ್ಯ.

ಬಾಯಿಗಿಂತ ಅರೆಗಳಿಗೆ ಮುಂಚೆ.
ಆ ಅಂತರ ನನಗೆ ಗೊತ್ತು.
ಇಪ್ಪತ್ತೊಂದು ವರ್ಷ ಜಯನಗರದ ಲ್ಯಾಬಿನಲ್ಲಿ
ರಕ್ತ ಎಳೆದವಳು, ರಿಪೋರ್ಟು ಕೊಟ್ಟವಳು.
ಕುತ್ತಿಗೆಯ ಗಂಟು ಬರೀ ಕೊಬ್ಬು ಅಂತ ಬಂದಾಗ
ಒಬ್ಬರು ಗೋಡೆಗೆ ಒರಗಿ, ಸ್ವಲ್ಪ ಹೊತ್ತು ಬಿಟ್ಟು,
"ಇಲ್ಲಿ ಮಸಾಲೆ ದೋಸೆ ಎಲ್ಲಮ್ಮ ಚೆನ್ನಾಗಿರುತ್ತೆ?" ಅಂದಿದ್ದರು.
ಇನ್ನೊಬ್ಬಳು, ಅತ್ತೆಯ ಜೊತೆ ಬಂದವಳು,
ಈ ತಿಂಗಳೂ ಇಲ್ಲ ಅಂದಾಗ
ಅತ್ತೆಗೆ ಕಾಣುವ ಹಾಗೆ ಕಣ್ಣು ಒರೆಸಿಕೊಂಡಳು;
ಸೆರಗಿನ ಕೆಳಗೆ ಹೆಗಲೆರಡೂ ಮೆತ್ತಗೆ ಇಳಿದದ್ದು
ನನಗೆ ಮಾತ್ರ ಕಂಡಿತು.
ಲಕೋಟೆಗೆ ಗೋಂದು ಹಚ್ಚಿ ಕೊಟ್ಟೆ.
ಯಾರಿಗೂ ಹೇಳಿಲ್ಲ, ಇವತ್ತಿನವರೆಗೆ.

ಹಾಗಾದರೆ ನನ್ನದು?
ಎಂಟು ತಿಂಗಳು ಯೋಚಿಸಿ, ಹಾಳೆಯ ಮಧ್ಯೆ ಗೆರೆ ಎಳೆದು
ಆ ಕಡೆ ಈ ಕಡೆ ಬರೆದು, ಕೂಡಿಸಿ, ಕಳೆದು
ಆಗಲಿ ಅಂದವಳು ಯಾರು?
ಈಗ ಆಫೀಸಿನ ಕಟ್ಟೆಯ ಮೇಲೆ
ಚಪ್ಪಲಿ ಬಿಟ್ಟು ಕಾಲಾಡಿಸುತ್ತಿರುವವಳು ಯಾರು?

"ಶಕುನ ಗಿಕುನ ಅನ್ಕೋಬೇಡ ಶಶಿ," ಅಂದಳು ಫಿಲೋಮಿನಾ,
"ಸರ್ಕಾರಿ ಕಂಪ್ಯೂಟರು."

ಸದ್ಯವನ್ನು ನಂಬುವುದೂ ಕಷ್ಟ.
ಒಮ್ಮೆ ಹಲ್ಲಿನ ಡಾಕ್ಟರು ಊರಲ್ಲಿಲ್ಲ ಅಂದಾಗ
ಹೀಗೇ ಹಿಗ್ಗಿ, ಚುರುಮುರಿ ತಿನ್ನುತ್ತಾ ಮನೆಗೆ ಹೋಗಿದ್ದೆ.
ಆ ಹಲ್ಲು ಈಗ ಇಲ್ಲ.
ಮಾತೇ ಎಚ್ಚರಿಸುತ್ತದೆ ಕೇಳಿಸಿಕೊಂಡರೆ:
ಸದ್ಯ ಅಂದರೆ ಉಳಿದೆ ಅಂತಲೂ ಹೌದು,
ಈಗಿನ ಮಟ್ಟಿಗೆ ಅಂತಲೂ ಹೌದು.

ಮತ್ತೆ, ಒಂದು ಹನಿ ರಕ್ತ ಎಲ್ಲವನ್ನೂ ಹೇಳುವುದಿಲ್ಲ.
ಸಕ್ಕರೆ ಕೇಳಿದರೆ ಸಕ್ಕರೆ ಹೇಳುತ್ತದೆ,
ಥೈರಾಯ್ಡ್ ತನ್ನ ಪಾಡಿಗೆ ಸುಮ್ಮನಿರುತ್ತದೆ.
ತಪ್ಪಿತು ಅಂದಿತಲ್ಲ ಎದೆ, ಏನು ತಪ್ಪಿತು?
ಒಂದೊಂದಾಗಿ ಕೇಳಿದೆ.

ಮುನಿಕೃಷ್ಣರೇ?
ಅವರು ಗ್ರೀಸ್ ಕಲೆಯ ಬೆರಳಲ್ಲಿ ಕಿತ್ತಳೆ ಸುಲಿದು
ನಾರು ಬಿಡಿಸಿ ಕೊಡುವುದು ನೆನೆದರೆ
ಎದೆ ಬೇರೆಯೇ ಥರ ಆಗುತ್ತದೆ. ಅಲ್ಲ.
ಅವರ ಮಗಳೇ? ಅವಳೂ ಅಲ್ಲ;
ಹೆಸರು ಹಿಡಿದೇ ಕರೆಯುತ್ತಾಳೆ, ನನಗೂ ಅದೇ ಸರಿ.
ಶ್ರೀರಾಂಪುರ, ಮೂರನೇ ಕ್ರಾಸ್, ಮೇಲಿನ ಮನೆ,
ಒಂದೇ ರೂಮು, ಸಿಂಟೆಕ್ಸ್ ಟ್ಯಾಂಕಿನ ನೆರಳು,
ತಿಂಗಳ ಕೊನೆಗೆ ಖಾಲಿ ಮಾಡುತ್ತೇನೆ ಅಂತ
ಓನರಮ್ಮನಿಗೆ ಹೇಳಿ ಬಂದದ್ದು.
ಅಲ್ಲಿಗೆ ಬಂದಾಗ ನೋಡಿದೆ,
ಪರ್ಸಿನೊಳಗೆ ಬೀಗದ ಕೈ ಬಿಗಿಹಿಡಿದಿದ್ದೆ,
ಅಂಗೈಯಲ್ಲಿ ಅದರ ಹಲ್ಲಿನ ಗುರುತು.

ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಫಿಲೋಮಿನಾ
ಹಾರದ ಚೀಲ ಮಡಿಲಲ್ಲಿಟ್ಟು ತೂಕಡಿಸುತ್ತಿದ್ದಳು.
ನವರಂಗ್ ಸಿಗ್ನಲ್ಲು ಬಿಡಲೇ ಇಲ್ಲ.
"ಮಂಗಳವಾರ ಬರೋಣ," ಅಂದೆ. "ಆದ್ರೆ ನನ್ನ ರೂಮು
ಹಾಗೇ ಇಟ್ಕೊಳ್ಲಾ? ಬಾಡಿಗೆ ನಾನೇ ಕಟ್ತೀನಿ.
ವಾರಕ್ಕೊಂದ್ಸಲ ಹೋಗಿ
ಬಾಗಿಲು ಹಾಕ್ಕೊಂಡು ಕೂತ್ಕೊತೀನಿ, ಅಷ್ಟೆ."

ಅವರು ಕಿಟಕಿಯಾಚೆ ನೋಡುತ್ತಿದ್ದರು.
ಬಾಯಿ ಏನೋ ಹೇಳಲು ಸಿದ್ಧವಾಗುತ್ತಿತ್ತು.
ಬಾಯಿಯ ಕಡೆ ನಾನು ನೋಡಲಿಲ್ಲ,
ಇಸ್ತ್ರಿ ಅಂಗಿಯೊಳಗಿನ
ಆ ಎರಡು ಹೆಗಲು ನೋಡಿದೆ.